ಮದ್ದು ಅರೆದವರು ಯಾರು?

ಹೆಗ್ಗನಹಳ್ಳಿಯ ಅಡ್ಡರಸ್ತೆಗಳಲ್ಲಿ ನಡೆದರೆ ಮೊದಲು ಕಿವಿಗೆ ಬೀಳುವುದು ಲೇತ್ ಮತ್ತು ಪವರ್ ಪ್ರೆಸ್ಸುಗಳ ಸದ್ದು. ಪಕ್ಕದ ಪೀಣ್ಯದಲ್ಲಿ ವಿಮಾನಕ್ಕೂ ರಾಕೆಟ್ಟಿಗೂ ಬಿಡಿಭಾಗ ಮಾಡುವವರಿದ್ದಾರೆ. ಸಣ್ಣ ಶೆಡ್ಡುಗಳಲ್ಲಿ ಹೊಸ ಹುಡುಗನಿಗೆ ಕೆಲಸ ಕಲಿಸುವವನು ಇಂದಿಗೂ ಮೇಸ್ತ್ರಿ ಅಥವಾ ಉಸ್ತಾದ್. ಕೈ ಎಲ್ಲಿಡಬೇಕು ಎಂಬುದಕ್ಕಿಂತ ಎಲ್ಲಿಡಬಾರದು ಎಂಬುದೇ ಅಲ್ಲಿನ ಮೊದಲ ಪಾಠ. ಅದು ಬಾಯಿಂದ ಬಾಯಿಗೆ ಬಂದ ಪಾಠ, ಬರೆದಿಟ್ಟದ್ದಲ್ಲ.

ಕಾರ್ಖಾನೆ, ಉಸ್ತಾದ್, ಕಾರಿಗರ್ ಎಂಬ ಪದಗಳೆಲ್ಲ ಫಾರ್ಸಿಯಿಂದ ನಮಗೆ ಬಂದವು. ಪದಗಳ ಹಿಂದೆಯೇ ಹೋದರೆ ಹಳೆ ಪೇಟೆಯ ತಾರಾಮಂಡಲಪೇಟೆ ಸಿಗುತ್ತದೆ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಬಾಣಗಳು, ಅಂದರೆ ರಾಕೆಟ್ಟುಗಳು, ಅಲ್ಲಿ ತಯಾರಾಗುತ್ತಿದ್ದವೆಂದು ಜನ ನಂಬುತ್ತಾರೆ. ಶ್ರೀರಂಗಪಟ್ಟಣ, ಚಿತ್ರದುರ್ಗ, ನಗರಗಳಲ್ಲೂ ಕಾರ್ಖಾನೆಗಳಿದ್ದವು. ಹೈದರಾಲಿಯ ತಂದೆ ಫತೇ ಮುಹಮ್ಮದ್ ಆರ್ಕಾಟಿನ ನವಾಬನಲ್ಲಿ ಐವತ್ತು ಬಾಣದವರ ನಾಯಕನಾಗಿದ್ದ. ಹಾಗಾಗಿ ಈ ವಿದ್ಯೆ ಮನೆಗೆ ಹೊಸದೇನಲ್ಲ.

ಹೊಸದಾಗಿದ್ದುದು ಕಬ್ಬಿಣದ ಕೊಳವೆ. ಬಿದಿರು ಅಥವಾ ಕಾಗದದ ಕೊಳವೆಗೆ ತುಂಬಿದ ಮದ್ದಿಗಿಂತ ಕಬ್ಬಿಣದಲ್ಲಿ ಬಿಗಿದ ಮದ್ದಿನ ಒತ್ತಡ ಹೆಚ್ಚು, ಹಾರುವ ದೂರವೂ ಹೆಚ್ಚು. ಆದರೆ ತುಂಬುವಾಗ ಒಂದು ಕಿಡಿ ಹಾರಿದರೆ ಆ ಕೊಳವೆಯೇ ಚೂರುಚೂರಾಗಿ ತುಂಬುವವನ ಮೈಗೆ ಬಡಿಯುತ್ತದೆ. ಕನ್ನಡದಲ್ಲಿ ಔಷಧಿಗೂ ಸಿಡಿಯುವ ಪುಡಿಗೂ ಮದ್ದು ಎಂದೇ ಹೆಸರು. ಉರ್ದುವಿನ ದಾರೂ ಕೂಡ ಹಾಗೆಯೇ. ಅರೆಯುವ ಕೈಗೆ ಎರಡೂ ಒಂದೇ ಬಗೆಯ ಕಪ್ಪು ಪುಡಿಯಾಗಿ ಕಂಡಿರಬೇಕು.

ಹಾರಿಸುವವನ ತರಬೇತಿಯ ಬಗ್ಗೆ ನಮಗೆ ತಿಳಿದಿದೆ. ಟಿಪ್ಪುವಿನ ಆಜ್ಞೆಯಂತೆ ಜೈನುಲ್ ಆಬಿದೀನ್ ಶೂಸ್ತರಿ ಬರೆದ 'ಫತ್ಹುಲ್ ಮುಜಾಹಿದೀನ್' ಎಂಬ ಫಾರ್ಸಿ ಕೈಪಿಡಿ ಸೈನ್ಯದ ಶಿಸ್ತನ್ನು ವಿವರಿಸುತ್ತದೆ. ಪ್ರತಿ ಕುಶೂನ್ ಅಂದರೆ ದಳಕ್ಕೆ ಇನ್ನೂರು ಬಾಣದವರಿದ್ದರು. ಕೊಳವೆಯ ಗಾತ್ರ, ಗುರಿಯ ದೂರ ನೋಡಿ ಯಾವ ಕೋನದಲ್ಲಿ ಹಾರಿಸಬೇಕೆಂದು ಲೆಕ್ಕ ಹಾಕುವುದನ್ನು ಅವರಿಗೆ ಕಲಿಸಲಾಗುತ್ತಿತ್ತು.

ಕಾರಿಗರರನ್ನು ಬೆಳೆಸುವ ಹಂಬಲವೂ ಸುಲ್ತಾನನಿಗಿತ್ತು. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ಹದಿನಾರನೇ ಲೂಯಿಯ ಮುಂದೆ ಸೈನ್ಯದ ನೆರವಿನ ಜೊತೆಗೆ ಫಿರಂಗಿ ಎರಕದವರು, ಗಡಿಯಾರದವರು, ಗಾಜಿನವರು, ನೇಕಾರರನ್ನೂ ಕೇಳಿದರು. ಯುದ್ಧಕ್ಕೆ ಹೊರಟ ದೊರೆ ಗಡಿಯಾರದವನನ್ನು ಕೇಳಿದನೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮದ್ದಿನ ಅಪಾಯ ಅವರಿಗೆ ಗೊತ್ತಿಲ್ಲದೇನಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷರ ಸೋಲು ಖಚಿತವಾಯಿತು. ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಸಿಡಿತದ ಚಿತ್ರವಿದೆ. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿ: ನೆಲದೊಳಗೆ ಇಳಿದ ಕಟ್ಟಡ, ದಪ್ಪ ಇಟ್ಟಿಗೆ-ಗಾರೆ ಗೋಡೆ. ಸಿಡಿದರೂ ಅಕ್ಕಪಕ್ಕದವರು ಉಳಿಯಲಿ ಎಂಬ ಲೆಕ್ಕ ಅದರಲ್ಲಿದೆ. ಅಂಥ ಒಂದು ಮದ್ದಿನ ಮನೆಯನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಸುಮಾರು 130 ಮೀಟರ್ ದೂರಕ್ಕೆ ಇಡಿಯಾಗಿಯೇ ಸರಿಸಲಾಯಿತು.

ಇಷ್ಟಾದರೂ 1799ರ ಮೇ 2ರಂದು ಶತ್ರುವಿನ ಗುಂಡು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಡಿದು ಅದು ಸಿಡಿಯಿತು. ಎರಡು ದಿನದ ಮೇಲೆ ಸುಲ್ತಾನ ಹುತಾತ್ಮನಾದ.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಅವನ ಧರ್ಮದ ಸುತ್ತಲೇ ಗಿರಕಿ ಹೊಡೆಯುತ್ತಾರೆ. ಕೊಳವೆ ಬಡಿದ ಕಮ್ಮಾರನ, ಮದ್ದು ಅರೆದ ಆಳಿನ ಜಾತಿ-ಧರ್ಮ ಬಿಡಿ, ಹೆಸರನ್ನಾದರೂ ಕೇಳಿದವರುಂಟೆ? ಬಾಣಗಳ ಮಾದರಿ ಇಂಗ್ಲೆಂಡಿನ ವುಲ್‌ವಿಚ್‌ಗೆ ಹೋಯಿತು. ವಿಲಿಯಂ ಕಾಂಗ್ರೀವ್ ಅದನ್ನು ಸುಧಾರಿಸಿದ. 1807ರಲ್ಲಿ ಕೋಪನ್‌ಹೇಗನ್ ಅದರಿಂದ ಉರಿಯಿತು. ಅವನ ಹೆಸರೇ ಆ ರಾಕೆಟ್ಟಿಗೆ ಅಂಟಿಕೊಂಡಿತು.

2018ರ ಜುಲೈನಲ್ಲಿ ಹೊಸನಗರ ತಾಲೂಕಿನ ನಗರದ ಬಳಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಕೆಸರಿಗೆ ಮದ್ದಿನ ವಾಸನೆ ಇನ್ನೂ ಇತ್ತು.