ಸಹಿ ತಾಳೆ

ಬ್ಯಾಂಕಿನಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ. ಮೊದಲ ಹತ್ತು ಹನ್ನೆರಡು ವರ್ಷ ಚೆಕ್ಕಿನ ಮೇಲಿನ ಸಹಿಯನ್ನು ಸ್ಪೆಸಿಮನ್ ಕಾರ್ಡಿನ ಸಹಿಗೆ ತಾಳೆ ನೋಡುವುದೇ ಕೆಲಸ. ನನಗೆ ಕೆಲಸ ಕಲಿಸಿದ ಹೆಡ್ ಕ್ಲಾರ್ಕ್ ಹೇಳುತ್ತಿದ್ದರು: “ಅಕ್ಷರದ ಆಕಾರ ನೋಡಬೇಡಪ್ಪ, ಕೈಯ ಓಟ ನೋಡು. ಆಕಾರ ಕದಿಯಬಹುದು, ಓಟ ಕದಿಯೋಕಾಗಲ್ಲ.” ಆ ಮಾತು ಬ್ಯಾಂಕಿನ ಹೊರಗೂ ನನ್ನನ್ನು ಕಾಯುತ್ತದೆಂದು ಆಗ ಗೊತ್ತಿರಲಿಲ್ಲ.

ನನಗೆ ಹಳೆಯ ಫಿಲಂ ಕ್ಯಾಮೆರಾಗಳ ಹುಚ್ಚು. ಭಾನುವಾರ ಬೆಳಗಾದರೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿರುತ್ತಿದ್ದೆ. ಅಲ್ಲಿ ಕ್ಯಾಮೆರಾವನ್ನು ಕೈಗೆತ್ತಿಕೊಂಡು, ಶಟರ್ ಒತ್ತಿ, ಸದ್ದು ಕೇಳಿ, ಮಾರುವವನ ಮುಖ ನೋಡಿ ಬೆಲೆ ಮಾತಾಡಬಹುದಿತ್ತು. ಇಂಟರ್ನೆಟ್ಟಿನ ಹರಾಜಿಗೆ ಬಂದಾಗ ವಸ್ತುವೂ ಇಲ್ಲ, ಮುಖವೂ ಇಲ್ಲ. ಅಲ್ಲಿದ್ದದ್ದು ಒಂದು ಹೆಸರು, ಹೆಸರಿನ ಪಕ್ಕದಲ್ಲಿ ಒಂದು ಅಂಕಿ.

ಆ ಅಂಕಿ ಹುಟ್ಟಿದ ಕಥೆ ಹೇಳಲೇಬೇಕು. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ‘ಆಕ್ಷನ್‌ವೆಬ್’ ಎಂಬ ಹರಾಜು ತಾಣ ಶುರುಮಾಡಿದ. ಮುಂದೆ ಇಬೇ ಆದದ್ದು ಅದೇ. ಅಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೊಳ್ಳುವವರು, ಮಾರುವವರು ಬೆಳೆದಂತೆ ಜಗಳಗಳೂ ಬೆಳೆದವು. ಎಲ್ಲ ದೂರಿಗೂ ಒಬ್ಬನೇ ಪಂಚಾಯಿತಿ ಮಾಡಲು ಆಗುತ್ತದೆಯೇ? 1996ರ ಫೆಬ್ರವರಿಯಲ್ಲಿ ಒಮಿಡ್ಯಾರ್ ಬಳಕೆದಾರರಿಗೊಂದು ಪತ್ರ ಬರೆದ. ಜನ ಬಹುಪಾಲು ಪ್ರಾಮಾಣಿಕರು, ಒಳ್ಳೆಯ ವ್ಯವಹಾರ ಮಾಡಿದವರನ್ನು ಎಲ್ಲರೆದುರು ಹೊಗಳಿ, ಮೋಸ ಮಾಡಿದವರನ್ನು ಎಲ್ಲರೆದುರು ದೂರಿ ಎಂದು ಕೇಳಿಕೊಂಡ. ಫೀಡ್‌ಬ್ಯಾಕ್ ಪದ್ಧತಿ ಬಂದದ್ದು ಹಾಗೆ. ಹತ್ತು ಮೆಚ್ಚುಗೆಗೆ ಹಳದಿ ನಕ್ಷತ್ರ, ಸಾವಿರಕ್ಕೆ ಕೆಂಪು ನಕ್ಷತ್ರ. ಕಣ್ಣಿಗೆ ಕಾಣದವರ ನಡುವೆ ನಂಬಿಕೆ ಹುಟ್ಟಿಸಿದ ಆ ಸರಳ ಲೆಕ್ಕವನ್ನು ನಾನು ಈಗಲೂ ದೊಡ್ಡದೆಂದೇ ಎಣಿಸುತ್ತೇನೆ.

ಆದರೆ ಆ ಒಳ್ಳೆಯ ಹೆಸರನ್ನು ಕಾಯುತ್ತಿದ್ದದ್ದು ಒಂದು ಪಾಸ್‌ವರ್ಡ್ ಮಾತ್ರ. ಹೊಸ ಖಾತೆಗೆ ಸಾವಿರ ಮೆಚ್ಚುಗೆ ಗಳಿಸಲು ವರ್ಷಗಳು ಬೇಕು, ಗಳಿಸಿಟ್ಟವರ ಖಾತೆಯನ್ನು ಕದಿಯಲು ಒಂದು ಸುಳ್ಳು ಮೇಲ್ ಸಾಕು. ‘ನಿಮ್ಮ ಖಾತೆ ರದ್ದಾಗಲಿದೆ, ತಕ್ಷಣ ಲಾಗಿನ್ ಆಗಿ’ ಎಂಬ ಸಂದೇಶ, ಅದರ ಕೆಳಗೊಂದು ಕೊಂಡಿ, ಒತ್ತಿದರೆ ಅಸಲಿನಂತೆಯೇ ಕಾಣುವ ನಕಲಿ ಪುಟ. 2000ದ ನಂತರದ ಕೆಲವು ವರ್ಷಗಳಲ್ಲಿ ಇದೇ ಒಂದು ಕಸುಬಾಗಿಬಿಟ್ಟಿತು. ರೊಮೇನಿಯಾದಲ್ಲಿ ಕಾರ್ಪಾಥಿಯನ್ ಬೆಟ್ಟಗಳ ತಪ್ಪಲಿನ ರಿಮ್ನಿಕು ವಿಲ್ಚಾ ಎಂಬ ಊರು ಇಂಥ ಹರಾಜು ಮೋಸಗಳಿಂದಲೇ ಹೆಸರಾಯಿತು. ಅಲ್ಲಿಯ ಬೀದಿಗಳಲ್ಲಿ ದುಬಾರಿ ಕಾರುಗಳು ಓಡಾಡುತ್ತಿದ್ದವು, ವೆಸ್ಟರ್ನ್ ಯೂನಿಯನ್ನಿನ ಹಣ ಪಾವತಿ ಅಂಗಡಿಗಳು ಸಾಲುಸಾಲಾಗಿದ್ದವು. ಬೇರೆ ದೇಶಗಳಲ್ಲಿ ನಿಂತು ಮೋಸದ ಹಣ ಪಡೆದು ದಾಟಿಸುವವರಿಗೆ ಅವರ ಭಾಷೆಯಲ್ಲಿ ‘ಬಾಣ’ ಎಂಬ ಅಡ್ಡಹೆಸರು. ಹಾಗೆ ಕಳಿಸಿದ ಹಣವನ್ನು ಒಬ್ಬ ಬಂದು ಎಣಿಸಿಕೊಂಡು ಹೋದಮೇಲೆ ಮರಳಿ ಪಡೆಯುವ ದಾರಿಯಿಲ್ಲ. ಚೆಕ್ಕನ್ನಾದರೆ ತಡೆಹಿಡಿಯಬಹುದಿತ್ತು.

2005ರಲ್ಲಿ ಒಂದು ರಾತ್ರಿ, ನಾನು ನೋಡುತ್ತಿದ್ದ ಹರಾಜು ತಾಣವೊಂದರಲ್ಲಿ ರೋಲಿಫ್ಲೆಕ್ಸ್ 2.8ಎಫ್ ಕಾಣಿಸಿತು. ಎರಡು ಕಣ್ಣಿನ ಜರ್ಮನ್ ಕ್ಯಾಮೆರಾ, ವರ್ಷಗಳಿಂದ ಆಸೆಪಟ್ಟದ್ದು. ಬೆಲೆ ಪೇಟೆಯ ಅರ್ಧಕ್ಕಿಂತ ಕಡಿಮೆ. ಮಾರುವವರು ಇಂಗ್ಲೆಂಡಿನ ಒಬ್ಬ ಹೆಂಗಸು, ಸಾವಿರದ ಇನ್ನೂರಕ್ಕೂ ಹೆಚ್ಚು ಮೆಚ್ಚುಗೆ, ಒಂದೂ ದೂರಿಲ್ಲ. ಕೈ ಮೌಸಿನ ಮೇಲೇ ಇತ್ತು. ಆದರೂ ಅಭ್ಯಾಸಬಲದಿಂದ ಸ್ಪೆಸಿಮನ್ ಕಾರ್ಡ್ ತೆಗೆದೆ, ಅಂದರೆ ಆಕೆ ಹಿಂದೆ ಮಾರಿದ್ದನ್ನೆಲ್ಲ ಓದುತ್ತ ಕೂತೆ. ಹೆಣಿಗೆಯ ನಮೂನೆ ಪುಸ್ತಕಗಳು, ಕೂಸುಗಳ ಸ್ವೆಟರು, ಉಣ್ಣೆಯ ಉಂಡೆಗಳು. ಪ್ರತಿ ವಿವರಣೆಯಲ್ಲೂ ಸಣ್ಣ ಕಲೆ ಇದ್ದರೂ ಎಲ್ಲಿದೆ ಎಂದು ಬರೆಯುತ್ತಿದ್ದ ಜೀವ ಅದು. ಎಂಟು ತಿಂಗಳಿಂದ ಏನನ್ನೂ ಮಾರಿರಲಿಲ್ಲ. ಈಗ ಒಂದೇ ರಾತ್ರಿಯಲ್ಲಿ ಹದಿನಾಲ್ಕು ಕ್ಯಾಮೆರಾ, ಒಂಬತ್ತು ಲ್ಯಾಪ್‌ಟಾಪ್, ಎಲ್ಲದಕ್ಕೂ ಒಂದೇ ದಿನದ ಹರಾಜು. ಖಾತೆಯ ಒಡತಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರಬೇಕಲ್ಲ! ‘ಕೂಗುವ ಮೊದಲು ಈ ವಿಳಾಸಕ್ಕೆ ಬರೆಯಿರಿ’ ಎಂಬ ಸಾಲು ಅಕ್ಷರವಾಗಿರಲಿಲ್ಲ, ಚಿತ್ರವಾಗಿ ಅಂಟಿಸಿತ್ತು. ಅಕ್ಷರ ಜಾಲಾಡುವ ಯಂತ್ರದ ಕಣ್ಣಿಗೆ ಬೀಳದಿರಲು ಆ ಉಪಾಯ.

ಫೋಟೊವನ್ನು ದೊಡ್ಡದು ಮಾಡಿದೆ. ಕ್ಯಾಮೆರಾದ ಎಡಗಡೆ, ಫೋಕಸ್ ಗುಂಡಿಯ ಕೆಳಗೆ ಚರ್ಮ ಅರ್ಧಚಂದ್ರದ ಹಾಗೆ ಎದ್ದಿತ್ತು. ಅದನ್ನು ನಾನು ಎಲ್ಲೋ ನೋಡಿದ್ದೆ. ಆಸೆ ಹುಟ್ಟಿಸಿದ ಕ್ಯಾಮೆರಾಗಳ ಸೀರಿಯಲ್ ನಂಬರು, ಗೀರು, ತಗ್ಗು, ಹೋದ ಬೆಲೆ ಬರೆದಿಡುವ ಒಂದು ಉದ್ದನೆಯ ನೋಟ್‌ಬುಕ್ಕಿತ್ತು ನನ್ನ ಬಳಿ. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಆಗ ಇನ್ನೂ ಬಂದಿರಲಿಲ್ಲ. ಪುಟ ತಿರುವಿದೆ. ನಾಲ್ಕು ತಿಂಗಳ ಹಿಂದೆ ಬೇರೊಬ್ಬ ಮಾರಿದ ಕ್ಯಾಮೆರಾ, ಅದೇ ಅರ್ಧಚಂದ್ರ, ಮೇಲಿನ ಲೆನ್ಸಿನ ನೆತ್ತಿಯಲ್ಲಿ ಅದೇ ನಂಬರು.

ದೂರು ಕಳಿಸಿದೆ. ಮೂರನೆಯ ದಿನ ಎಲ್ಲ ಮಾಯವಾಗಿತ್ತು. ಆದರೆ ಆಕೆಯ ಪುಟದಲ್ಲಿ ಏಳು ದೂರುಗಳು ಉಳಿದಿದ್ದವು, ಹಣ ಕಳೆದುಕೊಂಡ ಏಳು ಜನರವು. ಪ್ರತಿಯೊಂದರ ಕೆಳಗೂ ಆಕೆ ಒಂದೇ ಉತ್ತರ ಬರೆದಿದ್ದಳು: ‘ಇದು ನಾನಲ್ಲ, ನನ್ನ ಖಾತೆ ಕಳುವಾಗಿತ್ತು, ಕ್ಷಮಿಸಿ.’ ಕದ್ದವನ ಪರವಾಗಿ ಕಳೆದುಕೊಂಡವಳು ಏಳು ಸಲ ಕ್ಷಮೆ ಕೇಳಿದ್ದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವಳು ಮತ್ತೆ ಸ್ವೆಟರು ಮಾರಿದ್ದನ್ನು ನಾನು ಕಾಣಲಿಲ್ಲ.

ಬೀಗಗಳು ಬದಲಾದವು, ಕಳ್ಳಗೈಯೂ ಬದಲಾಯಿತು. 2014ರ ಮೇ ತಿಂಗಳಲ್ಲಿ ಇಬೇ ತನ್ನ 14.5 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಬೇಕಾಯಿತು. ಕೆಲವು ನೌಕರರ ಲಾಗಿನ್ ಕದ್ದು ಒಳನುಗ್ಗಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಬಿಸಿ ಇನ್ನೊಂದನ್ನು ಬಯಲಿಗಿಟ್ಟಿತು: ಒಳ್ಳೆಯ ಹೆಸರಿನ ಮಾರಾಟಗಾರರ ಕದ್ದ ಖಾತೆಗಳಲ್ಲಿ ಐಫೋನು ಮೊದಲಾದ ಸರಕಿನ ಪುಟಗಳು, ಪುಟದೊಳಗೆ ಅಡಗಿಸಿಟ್ಟ ಕೋಡ್, ಕ್ಲಿಕ್ ಮಾಡಿದವರನ್ನು ಅದು ಸೀದಾ ನಕಲಿ ಲಾಗಿನ್ ಪುಟಕ್ಕೆ ಒಯ್ಯುತ್ತಿತ್ತು. ಒಂದು ಕದ್ದ ಖಾತೆ ಹೀಗೆ ಇನ್ನಷ್ಟು ಖಾತೆಗಳನ್ನು ಕದಿಯುವ ಬಲೆಯಾಯಿತು.

ಹೋದ ವರ್ಷ ಬ್ಯಾಂಕಿನ ಹಳೆಯ ಗೆಳೆಯನೊಬ್ಬನ ಖಾತೆಯಿಂದ ನನಗೊಂದು ಸಂದೇಶ ಬಂತು. ಪರಿಚಯದ ಸಿಆರ್‌ಪಿಎಫ್ ಅಧಿಕಾರಿಗೆ ವರ್ಗವಾಗಿದೆ, ಸೋಫಾ, ಫ್ರಿಜ್ಜು, ಮಂಚ ಎಲ್ಲ ಅಗ್ಗಕ್ಕೆ ಕೊಡುತ್ತಾರೆ, ಮುಂಗಡ ಕಳಿಸಿ ಎಂದು. ಫೋಟೊ ಗೆಳೆಯನದೇ, ಹೆಸರೂ ಅವನದೇ. ಮಾತು ಮಾತ್ರ ‘ಹಲೋ ಸರ್, ಹೇಗಿದ್ದೀರಾ’ ಎಂದು ಶುರುವಾಗಿತ್ತು. ನಲವತ್ತು ವರ್ಷದಲ್ಲಿ ಅವನು ಒಮ್ಮೆಯೂ ನನ್ನನ್ನು ಸರ್ ಎಂದವನಲ್ಲ.

ಫೋನು ತೆಗೆದು ನಂಬರು ಒತ್ತಿದೆ.

“ಏನೋ ರಾಯ, ಇಷ್ಟು ಹೊತ್ತಲ್ಲಿ?” ಅಂದ.