ಸ್ವತಂತ್ರ ಗಾಯಕ-ಗೀತರಚನಕಾರರು
ತಾವೇ ಹಾಡು ಬರೆದು, ರಾಗ ಹಾಕಿ, ಊರೂರಿನ ವೇದಿಕೆಗಳಲ್ಲಿ ಹಾಡಿ ಬದುಕುವವರನ್ನು ಸ್ವತಂತ್ರ ಸಂಗೀತಗಾರರೆನ್ನುತ್ತೇವೆ. ನಾಸಿಕದಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಇವರಲ್ಲಿ ಸುಪರಿಚಿತರು. ಶಿಶುನಾಳ ಶರೀಫರ ಪದಗಳೂ ಇರುವ ಅವರ ಮೊದಲ ಆಲ್ಬಮನ್ನು 2008ರಲ್ಲಿ ಹೊರತಂದದ್ದು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ.

ಸಂಭಾವನೆಯಲ್ಲಿ ವಾದ್ಯದವರ ಪಾಲು, ಧ್ವನಿವರ್ಧಕದ ಬಾಡಿಗೆ, ಪ್ರಯಾಣವೆಚ್ಚ ಕಳೆದರೆ ಉಳಿಯುವುದು ಅಲ್ಪ. (ಶಾಲು-ಹಾರದಲ್ಲೇ ಮುಗಿಸುವ ಸಂಘಗಳೂ ಉಂಟು!) ಬ್ಯಾಂಕಿನವರಾದ ನಮ್ಮ ಲೆಕ್ಕದಲ್ಲಿ ಇವರ ನಿಜವಾದ ಠೇವಣಿ ಹಾಡಿನ ಕೃತಿಸ್ವಾಮ್ಯ. ರಚನಕಾರರ ಜೀವಿತಾವಧಿಯಲ್ಲೂ ಅನಂತರ 60 ವರ್ಷವೂ ಅದು ಊರ್ಜಿತ. ಹಾಡನ್ನು ಚಲನಚಿತ್ರಕ್ಕೆ ಕೊಟ್ಟರೂ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲವೆಂದು 2012ರ ತಿದ್ದುಪಡಿ ವಿಧಿಸಿದೆ. ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಿದವರಿಗೆ, 1969ರಲ್ಲಿ ಸ್ಥಾಪಿತವಾದ ಮುಂಬಯಿಯ ಐಪಿಆರ್‌ಎಸ್ ಸಂಸ್ಥೆ ರಾಯಧನವನ್ನು ಸಂಗ್ರಹಿಸಿ ಹಂಚುತ್ತದೆ.