ಉಟ್ಜುಲಿಕ್ ಕಡಲಿನ ಸಾಕ್ಷಿ

1845ರ ಮೇ 19ರಂದು ಥೇಮ್ಸ್ ನದಿಯ ಗ್ರೀನ್‌ಹೈತ್‌ನಲ್ಲಿ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳು ಲಂಗರು ಎತ್ತಿದವು. ಒಡಲಲ್ಲಿ ಉಗಿಯಂತ್ರ, ಮುಂಬದಿಗೆ ಕಬ್ಬಿಣದ ಕವಚ, ಮೂರು ವರ್ಷಕ್ಕಾಗುವ ದವಸ, ಸಾವಿರಾರು ತಗಡಿನ ಡಬ್ಬಿಗಳಲ್ಲಿ ಮಾಂಸ. ದಳಪತಿ ಸರ್ ಜಾನ್ ಫ್ರಾಂಕ್ಲಿನ್‌ಗೆ ಆಗ 59ರ ಪ್ರಾಯ. ಕೆನಡಾದ ನೆತ್ತಿಯ ಮೇಲಿಂದ ಪೆಸಿಫಿಕ್ ಸಾಗರಕ್ಕೆ ದಾರಿ ಕಾಣುವುದು ಅವನಿಗೆ ಬಂದ ಅಪ್ಪಣೆ. ಜುಲೈ ಕೊನೆಯಲ್ಲಿ ಬ್ಯಾಫಿನ್ ಕೊಲ್ಲಿಯ ತಿಮಿಂಗಿಲ ಬೇಟೆಗಾರರು ಆ ಹಡಗುಗಳನ್ನು ಕಂಡರು. ಅಲ್ಲಿಂದಾಚೆಗೆ ಅವುಗಳಲ್ಲಿದ್ದ 129 ಮಂದಿಯನ್ನು ಯೂರೋಪಿನ ಯಾರೂ ಜೀವಂತ ಕಾಣಲಿಲ್ಲ.

ಆ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟರು ಕಂಡರು. ಕಿಂಗ್ ವಿಲಿಯಂ ದ್ವೀಪದ ಸುತ್ತ ಸೀಲ್ ಬೇಟೆಯಿಂದ ಬಾಳುತ್ತಿದ್ದ ನೆತ್ಸಿಲಿಕ್ ಇನ್ಯೂಟರಿಗೆ ಆಗ ಲಿಪಿಯಿರಲಿಲ್ಲ. ಕಡಲ ಮೇಲಿನ ಹಿಮ ಎಲ್ಲಿ ಯಾವಾಗ ಒಡೆಯುತ್ತದೆ, ಕ್ಯಾರಿಬೂ ಜಿಂಕೆಗಳ ಹಿಂಡು ಎಲ್ಲಿ ನೀರು ದಾಟುತ್ತದೆ ಎಂಬುದನ್ನು ಮಕ್ಕಳಿಗೆ ತಪ್ಪಿಲ್ಲದೆ ಒಪ್ಪಿಸದಿದ್ದರೆ ಆ ನಾಡಿನಲ್ಲಿ ಸಂತತಿಯೇ ಉಳಿಯದು. ಆದ್ದರಿಂದ ತಾನು ಕಣ್ಣಾರೆ ಕಂಡದ್ದಿಷ್ಟು, ಇಂಥವರಿಂದ ಕೇಳಿದ್ದಿಷ್ಟು ಎಂದು ಬೇರ್ಪಡಿಸಿ ಹೇಳುವುದು ಅಲ್ಲಿನ ಹಿರಿಯರ ಶಿಸ್ತು. ಮುಂದಿನ ಚರಿತ್ರೆಯೆಲ್ಲ ಈ ಶಿಸ್ತಿನ ಮೇಲೆ ನಿಂತಿದೆ.

1854ರ ವಸಂತದಲ್ಲಿ ಹಡ್ಸನ್ಸ್ ಬೇ ಕಂಪನಿಯ ವೈದ್ಯ ಜಾನ್ ರೇ ಪೆಲ್ಲಿ ಕೊಲ್ಲಿಯ ಬಳಿ ಇನ್‌ನೂಕ್‌ಪೂಝೀಜೂಕ್ ಎಂಬ ಇನ್ಯೂಟ್ ಪುರುಷನನ್ನು ಭೇಟಿಯಾದನು. ಆತನ ತಲೆಗೆ ಟೋಪಿಯ ಚಿನ್ನದ ಪಟ್ಟಿಯೊಂದು ಸುತ್ತಿತ್ತು. ಎಲ್ಲಿಯದೆಂದು ಕೇಳಿದಾಗ, ಪಶ್ಚಿಮಕ್ಕೆ ದೊಡ್ಡ ನದಿಯ ಆಚೆ ಬಿಳಿಯರು ಸತ್ತ ಜಾಗದ್ದು ಎಂದನು. ತಾನು ಅಲ್ಲಿಗೆ ಹೋಗಿಲ್ಲವೆಂಬುದನ್ನೂ ಮರೆಮಾಚಲಿಲ್ಲ. ಮುಂದೆ ರಿಪಲ್ಸ್ ಕೊಲ್ಲಿಗೆ ಬಂದ ಇತರರು ಕಥೆಯನ್ನು ತುಂಬಿಕೊಟ್ಟರು. ಸುಮಾರು ನಲವತ್ತು ಬಿಳಿಯರು ದೋಣಿ ಎಳೆದುಕೊಂಡು ದಕ್ಷಿಣಕ್ಕೆ ನಡೆದಿದ್ದರು, ಬಡಕಲಾಗಿದ್ದರು, ದಾರಿಯಲ್ಲಿ ಒಂದು ಸೀಲನ್ನು ಕೊಂಡಿದ್ದರು. ಆಮೇಲೆ ಅವರ ಹೆಣಗಳು ಸಿಕ್ಕವು. ಹಸಿವು ತಾಳಲಾರದೆ ಸತ್ತವರ ಮಾಂಸವನ್ನು ಬದುಕಿದ್ದವರು ತಿಂದ ಗುರುತುಗಳೂ ಅಲ್ಲಿದ್ದವು. ಈ ಮಾತಿನ ಜೊತೆಗೆ ಅವರು ಅಧಿಕಾರಿಗಳ ಲಾಂಛನವಿದ್ದ ಬೆಳ್ಳಿಯ ಚಮಚಗಳನ್ನೂ ಫ್ರಾಂಕ್ಲಿನ್‌ನ ಹೆಸರು ಕೊರೆದಿದ್ದ ಬೆಳ್ಳಿಯ ಬಿಲ್ಲೆಯನ್ನೂ ರೇಯ ಕೈಗಿಟ್ಟರು.

ಲಂಡನ್ ಬೆಳ್ಳಿಯನ್ನು ನಂಬಿತು, ಬೆಳ್ಳಿ ತಂದವರನ್ನು ನಂಬಲಿಲ್ಲ. ಆ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆಯಲ್ಲಿ ಇನ್ಯೂಟರ ಸಾಕ್ಷ್ಯವನ್ನು ಅನಾಗರಿಕರ ಸುಳ್ಳೆಂದು ತಳ್ಳಿಹಾಕಿದನು. ಅವರೇ ಆ ನಾವಿಕರನ್ನು ಕೊಂದಿರಬಹುದೆಂಬ ಅನುಮಾನವನ್ನೂ ಹರಡಿದನು. ಬಡವರ ಕಣ್ಣೀರನ್ನು ಅಷ್ಟು ಚೆನ್ನಾಗಿ ಬಲ್ಲ ಲೇಖನಿ ಒಂದು ಇಡೀ ಜನಾಂಗದ ಮೇಲೆ ಕೊಲೆಯ ಕಳಂಕ ಹೊರಿಸಿತಲ್ಲ ಎಂಬುದು ಇಂದಿಗೂ ಮನಸ್ಸನ್ನು ಕಲಕುತ್ತದೆ. ರೇ ಅದೇ ಪತ್ರಿಕೆಯಲ್ಲಿ ಇನ್ಯೂಟರ ಪರವಾಗಿ ಉತ್ತರ ಬರೆದನು. ನಾವಿಕರ ಗತಿ ತಿಳಿಸಿದ್ದಕ್ಕೆ ಹತ್ತು ಸಾವಿರ ಪೌಂಡ್ ಬಹುಮಾನ ಬಂತು. ಸರ್ ಪದವಿ ಮಾತ್ರ ಅವನಿಗೆ ಕೊನೆಯವರೆಗೂ ದಕ್ಕಲಿಲ್ಲ.

1859ರಲ್ಲಿ ಸಿಕ್ಕ ಒಂದು ಲಿಖಿತ ಚೀಟಿ, ಫ್ರಾಂಕ್ಲಿನ್ 1847ರ ಜೂನ್ 11ರಂದು ತೀರಿಕೊಂಡನೆಂದೂ ಮರುವರ್ಷದ ಏಪ್ರಿಲ್‌ನಲ್ಲಿ ಉಳಿದ 105 ಮಂದಿ ಹಡಗು ಬಿಟ್ಟರೆಂದೂ ತಿಳಿಸಿತು. ಆಮೇಲಿನದ್ದೆಲ್ಲ ಇನ್ಯೂಟರ ನೆನಪಿನಲ್ಲೇ ಇತ್ತು. ಟೂಕೂಲಿಟೊ ಮತ್ತು ಎಬಿಯರ್ಬಿಂಗ್ ಎಂಬ ಇನ್ಯೂಟ್ ದಂಪತಿಗಳ ನೆರವಿನಿಂದ ಅಮೆರಿಕದ ಅನ್ವೇಷಕ ಚಾರ್ಲ್ಸ್ ಹಾಲ್ 1860ರ ದಶಕದಲ್ಲಿ ಅದನ್ನು ಬರೆದುಕೊಂಡನು. 1879ರಲ್ಲಿ ಪುಹ್ಟೂರಾಕ್ ಎಂಬ ಇನ್ಯೂಟ್ ಹಿರಿಯ, ಇನ್ನೊಬ್ಬ ಅಮೆರಿಕನ್ ಅನ್ವೇಷಕ ಫ್ರೆಡರಿಕ್ ಶ್ವಾಟ್ಕನಿಗೆ ಇನ್ನೂ ಸ್ಪಷ್ಟವಾಗಿ ಹೇಳಿದನು: ಅಡಿಲೇಡ್ ಪರ್ಯಾಯದ್ವೀಪದ ಪಶ್ಚಿಮಕ್ಕೆ ಒಂದು ದೊಡ್ಡ ಹಡಗು ಹಿಮದಲ್ಲಿ ಸಿಕ್ಕಿಬಿದ್ದಿತ್ತು, ಒಳಗೆ ಒಂದು ಹೆಣವಿತ್ತು, ತಮ್ಮವರು ಪಕ್ಕಕ್ಕೆ ತೂತು ಕೊರೆದು ಒಳಹೊಕ್ಕರು, ಹಿಮ ಕರಗಿದಾಗ ಹಡಗು ಮುಳುಗಿ ಪಟಗಂಬದ ತುದಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಆ ಕಡಲಿಗೆ ಇನ್ಯೂಟರು ಉಟ್ಜುಲಿಕ್ ಎನ್ನುತ್ತಾರೆ.

ನೂರು ವರ್ಷ ಆ ಮಾತು ಕಡತಗಳಲ್ಲಿ ಮಲಗಿತ್ತು. ಅದನ್ನು ಮತ್ತೆ ಹಿಡಿದವನು ಜೋಆ ಹೇವನ್ ಊರಿನ ಲೂಯಿ ಕಮೂಕಾಕ್. ಬಿಳಿಯರ ಚಮಚ, ಚಾಕುಗಳನ್ನು ಕಂಡ ಕಥೆಯನ್ನು ಬಾಲ್ಯದಲ್ಲಿ ಮುತ್ತಜ್ಜಿಯ ಬಾಯಿಂದ ಕೇಳಿದ ಈತ, ದೊಡ್ಡವನಾದ ಮೇಲೆ ಮನೆಮನೆಗೆ ಹೋಗಿ ಹಿರಿಯರ ಮುಂದೆ ಕುಳಿತು ದಶಕಗಳ ಕಾಲ ಅವರ ಭಾಷೆಯಲ್ಲೇ ಕೇಳಿ, ಕಥೆಗಳನ್ನು ಸ್ಥಳನಾಮಗಳೊಡನೆ ಹೊಂದಿಸಿದನು. ಊರವನೇ ಸಂಶೋಧಕನಾದಾಗ ಪ್ರಶ್ನೆಗಳ ಕ್ರಮವೇ ಬದಲಾಯಿತು: ಯಾರ ಅಜ್ಜ, ಯಾವ ಬೇಟೆಯ ನೆಲೆ, ಯಾವ ಋತು.

2014ರ ಸೆಪ್ಟೆಂಬರಿನಲ್ಲಿ ಎರೆಬಸ್ ಸಿಕ್ಕಿತು. ಪುಹ್ಟೂರಾಕ್ ಹೇಳಿದ ಕಡಲಲ್ಲಿ, ಸುಮಾರು 11 ಮೀಟರ್ ಆಳದಲ್ಲಿ ಅದು ನೆಟ್ಟಗೆ ಕೂತಿತ್ತು. 2016ರಲ್ಲಿ ಟೆರರ್ ಪತ್ತೆಯಾದದ್ದೂ ಜೋಆ ಹೇವನ್‌ನ ಬೇಟೆಗಾರ ಸ್ಯಾಮಿ ಕೊಗ್ವಿಕ್ ತಾನು ಹಿಂದೆ ಹಿಮದ ಮೇಲೆ ಕಂಡಿದ್ದ ಕಂಬದ ಸುದ್ದಿ ಹೇಳಿದ ಮೇಲೆಯೇ. ನರಮಾಂಸದ ಮಾತಿಗೂ ನಾವಿಕರ ಎಲುಬುಗಳ ಮೇಲಿನ ಕತ್ತಿಯ ಗೆರೆಗಳು ಸಾಕ್ಷಿ ನುಡಿದವು. 2024ರಲ್ಲಿ ಅಂಥದೊಂದು ದವಡೆ ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಜ್‌ಜೇಮ್ಸ್‌ನದೆಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು.

ಕಮೂಕಾಕ್ 2018ರಲ್ಲಿ ತೀರಿಕೊಂಡನು. ಫ್ರಾಂಕ್ಲಿನ್ ಯಾತ್ರೆಯ ಚರಿತ್ರೆ ಬರೆಯುವವರು ಇನ್ನಾದರೂ ಇನ್‌ನೂಕ್‌ಪೂಝೀಜೂಕ್ ಮತ್ತು ಪುಹ್ಟೂರಾಕ್‌ರ ಹೆಸರುಗಳನ್ನು ಅಡಿಟಿಪ್ಪಣಿಯಿಂದ ಮೇಲೆತ್ತಿ ಮೊದಲ ಅಧ್ಯಾಯದಲ್ಲಿ ಬರೆಯಲಿ.